ಹಿಂದಿನ ಶಾಕ್ ಬೇಕಾ, ಬೇಡ್ವಾ?

ಮೌಂಟನ್ ಬೈಕ್ ಕೊಳ್ಳಬೇಕು ಅಂತ ಮನಸ್ಸು ಮಾಡಿದವರೆಲ್ಲ ಒಂದೆರಡು ವಾರದೊಳಗೆ ಬಂದು ನಿಲ್ಲೋ ಜಾಗ ಒಂದಿದೆ. ಹಾರ್ಡ್‌ಟೇಲ್ ತಗೊಳ್ಳೋದಾ, ಫುಲ್ ಸಸ್ಪೆನ್ಷನ್ ತಗೊಳ್ಳೋದಾ? ಅಲ್ಲಿಯವರೆಗೆ ಬಣ್ಣ, ಬ್ರ್ಯಾಂಡು, ಚಕ್ರದ ಅಳತೆ ಅಂತ ಖುಷಿಯಾಗಿ ನೋಡ್ತಿದ್ದವರು ಇಲ್ಲಿಗೆ ಬಂದ ಕೂಡಲೇ ಗಂಭೀರವಾಗಿಬಿಡ್ತಾರೆ. ಯಾಕಂದ್ರೆ ಇಲ್ಲಿ ಬೆಲೆ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತೆ. ಕಾರಿನ ಇಎಂಐ, ಮನೆ ಬಾಡಿಗೆ, ಊರಿಗೆ ಕಳಿಸೋ ದುಡ್ಡು ಎಲ್ಲ ನೆನಪಾಗುತ್ತೆ.

ಕಳೆದ ಕಂತಿನಲ್ಲಿ ಟ್ಯೂಬ್‌ಲೆಸ್ ಟೈರ್ ಬಗ್ಗೆ ಬರೆದ ಮೇಲೆ ಮೂರ್ನಾಲ್ಕು ಓದುಗರು ಇದೇ ಪ್ರಶ್ನೆ ಕೇಳಿದ್ದಾರೆ. ಒಬ್ಬರು ನೇರವಾಗಿ, "ಸುತ್ತಿ ಬಳಸಿ ಹೇಳಬೇಡಿ, ಯಾವುದು ಒಳ್ಳೇದು ಅಷ್ಟು ಹೇಳಿ" ಅಂದಿದ್ದಾರೆ. ಒಂದೇ ಉತ್ತರ ಕೊಡೋಕೆ ಆಗಲ್ಲ. ಯಾಕಂದ್ರೆ ಈ ವರ್ಷ ನಮ್ಮ ಮನೆಯಲ್ಲೇ ಎರಡು ಸಲ ಈ ತೀರ್ಮಾನ ಆಯಿತು, ಎರಡು ಸಲವೂ ಉತ್ತರ ಬೇರೆ ಬೇರೆ ಬಂತು. ಒಂದು ನನ್ನದು, ಬೆಂಗಳೂರಲ್ಲಿ. ಇನ್ನೊಂದು ಸಕಲೇಶಪುರದ ಹತ್ತಿರ ಕಾಫಿ ತೋಟ ನೋಡಿಕೊಳ್ಳೋ ನಮ್ಮ ಭಾವಂದು. ನಾನು ಹಾರ್ಡ್‌ಟೇಲ್ ತಗೊಂಡೆ, ಅವರು ಫುಲ್ ಸಸ್ಪೆನ್ಷನ್ ತಗೊಂಡ್ರು. ಇಬ್ಬರ ಲೆಕ್ಕವೂ ಸರಿಯಾಗಿದೆ. ಆ ಲೆಕ್ಕ ಹೇಗೆ ಹಾಕಿದ್ವಿ ಅನ್ನೋದೇ ಈ ಸಲದ ಕಂತು.

ಮೊದಲು ಹೆಸರುಗಳು

ಹೊಸಬರಿಗಾಗಿ ಎರಡು ಮಾತು. ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇದ್ದು, ಹಿಂದಿನ ಭಾಗ ಫ್ರೇಮಿನ ಜೊತೆಗೇ ಗಟ್ಟಿಯಾಗಿ ಸೇರಿಕೊಂಡಿದ್ರೆ ಅದು ಹಾರ್ಡ್‌ಟೇಲ್. ಹೆಸರೇ ಹೇಳೋ ಹಾಗೆ, ಬಾಲ ಗಟ್ಟಿ. ಹಿಂದಿನ ಚಕ್ರವೂ ಮೇಲೆ ಕೆಳಗೆ ಆಡೋ ಹಾಗೆ ಫ್ರೇಮಿನಲ್ಲಿ ಕೀಲುಗಳಿದ್ದು, ನಡುವೆ ಒಂದು ಶಾಕ್ ಇದ್ರೆ ಅದು ಫುಲ್ ಸಸ್ಪೆನ್ಷನ್. ಚಕ್ರ ಎಷ್ಟು ಮೇಲೆ ಕೆಳಗೆ ಆಡುತ್ತೆ ಅನ್ನೋದಕ್ಕೆ ಟ್ರಾವೆಲ್ ಅಂತಾರೆ. ಕ್ರಾಸ್ ಕಂಟ್ರಿ ಸೈಕಲ್‌ಗಳಲ್ಲಿ ಇದು ಸಾಮಾನ್ಯವಾಗಿ 100ರಿಂದ 120 ಮಿಲಿಮೀಟರ್, ಟ್ರೇಲ್ ಬೈಕ್‌ಗಳಲ್ಲಿ 120ರಿಂದ 150. ಬೆಟ್ಟದಿಂದ ಕೆಳಗೆ ಇಳಿಯೋದಕ್ಕೆ ಅಂತಲೇ ಮಾಡಿದ ಡೌನ್‌ಹಿಲ್ ಸೈಕಲ್‌ಗಳಲ್ಲಿ 200ರ ಹತ್ತಿರ ಹೋಗುತ್ತೆ.

ಇಲ್ಲೇ ಒಂದು ವಿಷಯ ಬಿಡಿಸಿಕೊಳ್ಳಬೇಕು. ನಾವು ಹೈಸ್ಕೂಲಲ್ಲಿದ್ದಾಗ "ಡಬಲ್ ಶಾಕ್ ಸೈಕಲ್" ಅಂತ ಬಂತು, ನೆನಪಿದೆಯಾ? ಸೀಟಿನ ಕೆಳಗೆ ಕೆಂಪೋ ಹಳದಿಯೋ ಬಣ್ಣದ ದಪ್ಪ ಸ್ಪ್ರಿಂಗ್. ಕ್ಲಾಸಿನಲ್ಲಿ ಒಬ್ಬನ ಹತ್ತಿರ ಇದ್ರೆ ಇಡೀ ಬೀದಿ ಅದನ್ನ ಒತ್ತಿ ಒತ್ತಿ ನೋಡ್ತಿತ್ತು. ಇವತ್ತಿಗೂ ಹತ್ತು-ಹದಿನೈದು ಸಾವಿರಕ್ಕೆ ಅಂಥದ್ದು ಸಿಗುತ್ತೆ. ಅದನ್ನ ನೋಡಿ "ಇಷ್ಟು ಕಮ್ಮಿಗೆ ಫುಲ್ ಸಸ್ಪೆನ್ಷನ್ ಸಿಗುವಾಗ ಲಕ್ಷ ಯಾಕೆ?" ಅಂತ ಕೇಳೋರು ಇದ್ದಾರೆ. ನ್ಯಾಯವಾದ ಪ್ರಶ್ನೆ.

ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಬಂದ ದೊಡ್ಡ ಗುಂಪಿನಲ್ಲಿ ನಾನೂ ಒಬ್ಬ. ವೈಬ್ರೇಷನ್ಸ್ ಪೇಪರಿನಿಂದ ತಲೆಯಲ್ಲಿ ಉಳಿದಿರೋದು ಒಂದೇ ಪಾಠ: ಸ್ಪ್ರಿಂಗ್ ಹೊಡೆತವನ್ನ ತಿನ್ನೋದಿಲ್ಲ, ಇಟ್ಟುಕೊಂಡು ವಾಪಸ್ ಕೊಡುತ್ತೆ. ಬರೀ ಸ್ಪ್ರಿಂಗ್ ಇದ್ರೆ ಗುಂಡಿಗೆ ಬಿದ್ದಾಗ ಕುಗ್ಗಿ, ಆಮೇಲೆ ನಿಮ್ಮನ್ನೇ ಮೇಲಕ್ಕೆ ಎಸೆಯುತ್ತೆ. ಆ ವಾಪಸಾತಿಯನ್ನ ನಿಧಾನ ಮಾಡೋದಕ್ಕೆ ಡ್ಯಾಂಪರ್ ಬೇಕು. ಆಫೀಸಿನ ಗಾಜಿನ ಬಾಗಿಲು ಧಡಾರ್ ಅಂತ ಬಡಿಯದೆ ಮೆಲ್ಲಗೆ ಮುಚ್ಚಿಕೊಳ್ಳುತ್ತಲ್ಲ, ಅದರೊಳಗಿರೋ ಎಣ್ಣೆ ಮಾಡೋ ಕೆಲಸವೇ ಇದು. ಸಣ್ಣ ರಂಧ್ರಗಳ ಮೂಲಕ ಎಣ್ಣೆ ಹಾದುಹೋಗುವಾಗ ಹೊಡೆತದ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತೆ. ಒಳ್ಳೆ ಶಾಕ್‌ನಲ್ಲಿ ದುಡ್ಡು ಹೋಗೋದು ಈ ಡ್ಯಾಂಪರಿಗೆ. ಅಗ್ಗದ ಡಬಲ್ ಶಾಕ್‌ನಲ್ಲಿ ಸಾಮಾನ್ಯವಾಗಿ ಇರೋದು ಬರೀ ಸ್ಪ್ರಿಂಗು, ಜೊತೆಗೆ ಹದಿನೆಂಟು-ಇಪ್ಪತ್ತು ಕಿಲೋ ಕಬ್ಬಿಣ. ಹಾಗಾಗಿ ಅದನ್ನ ಈ ಲೆಕ್ಕದಿಂದ ಹೊರಗಿಡೋಣ.

ಒಲಿಂಪಿಕ್ಸ್ ಏನು ಹೇಳುತ್ತೆ?

ಮೌಂಟನ್ ಬೈಕಿಂಗ್ ಹುಟ್ಟಿದ್ದೇ ಸಸ್ಪೆನ್ಷನ್ ಇಲ್ಲದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೇ ದಪ್ಪ ಟೈರಿನ ಸೈಕಲ್‌ಗಳನ್ನ ಬೆಟ್ಟಕ್ಕೆ ಹೊತ್ತು, ಮಣ್ಣಿನ ದಾರಿಯಲ್ಲಿ ಕೆಳಗೆ ಬಿಡ್ತಿದ್ರು. ಅಲ್ಲಿ 1976ರಲ್ಲಿ ಶುರುವಾದ ರೇಸಿನ ಹೆಸರು "ರಿಪ್ಯಾಕ್". ಪೆಡಲ್ ಹಿಂದಕ್ಕೆ ತುಳಿದು ಹಿಡಿಯೋ ಬ್ರೇಕು ಇಳಿಜಾರಿನಲ್ಲಿ ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗ್ತಿತ್ತು. ಕೆಳಗೆ ಬಂದ ಮೇಲೆ ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು, ಅದಕ್ಕೇ ಆ ಹೆಸರು. ಸಸ್ಪೆನ್ಷನ್ ಅಂದ್ರೆ ಅವರ ಮೊಣಕಾಲು, ಮೊಣಕೈ ಅಷ್ಟೇ. ರಾಕ್‌ಶಾಕ್ಸ್ ಕಂಪನಿಯ ಮೊದಲ ಮುಂದಿನ ಫೋರ್ಕ್ ಬಂದಿದ್ದು 1989ರಲ್ಲಿ.

1996ರ ಅಟ್ಲಾಂಟಾದಲ್ಲಿ ಮೌಂಟನ್ ಬೈಕಿಂಗ್ ಒಲಿಂಪಿಕ್ಸ್ ಸೇರಿತು. ಅಲ್ಲಿಂದ ಬಹಳ ವರ್ಷ "ರೇಸ್ ಅಂದ್ರೆ ಹಾರ್ಡ್‌ಟೇಲ್, ಹಗುರ ಇದ್ದವನೇ ಗೆಲ್ಲೋದು" ಅನ್ನೋ ನಂಬಿಕೆ ಇತ್ತು. 2012ರ ಲಂಡನ್‌ನಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್ ಮೇಲೆ ಬಂದು, ಹಾರ್ಡ್‌ಟೇಲ್ ಮೇಲಿದ್ದ ಸ್ವಿಟ್ಜರ್ಲೆಂಡಿನ ನೀನೋ ಶುರ್ಟರ್ ಅವರನ್ನ ಒಂದೇ ಸೆಕೆಂಡಿನಿಂದ ಸೋಲಿಸಿದ್ರು. ನಾಲ್ಕು ವರ್ಷದ ನಂತರ ರಿಯೋದಲ್ಲಿ ಅದೇ ಶುರ್ಟರ್ ಚಿನ್ನ ಗೆದ್ರು, ಈ ಸಲ ಅವರೂ ಫುಲ್ ಸಸ್ಪೆನ್ಷನ್ ಮೇಲೆ. ಟೋಕಿಯೋ, ಪ್ಯಾರಿಸ್ ಎರಡರಲ್ಲೂ ಗೆದ್ದ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಕೂಡ ಅದರ ಮೇಲೇ.

ಅಲ್ಲಿಗೆ ಪ್ರಶ್ನೆ ಮುಗೀತಲ್ಲ ಅನ್ನಿಸುತ್ತೆ. ಆದ್ರೆ ಎರಡು ವ್ಯತ್ಯಾಸ ನೋಡಿ. ಆ ರೇಸಿನ ದಾರಿಗಳು ವರ್ಷದಿಂದ ವರ್ಷಕ್ಕೆ ಕಲ್ಲು, ಬೇರು, ಜಂಪುಗಳಿಂದ ಒರಟಾಗ್ತಾ ಬಂದಿವೆ. ಮತ್ತೆ ಆ ಸವಾರರ ಸೈಕಲ್ಲನ್ನ ತೊಳೆದು, ಬಿಚ್ಚಿ, ಜೋಡಿಸೋಕೆ ಮೆಕ್ಯಾನಿಕ್ ಪಕ್ಕದಲ್ಲೇ ಇರ್ತಾನೆ. ನಮಗೆ ಭಾನುವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ಒಂದು ಬಕೆಟ್ಟು, ಒಂದು ಹಳೇ ಟೂತ್‌ಬ್ರಷ್ಷು.

ಹಿಂದಿನ ಶಾಕ್ ಕೊಡೋದು, ಕೇಳೋದು

ಹಿಂದಿನ ಶಾಕ್ ಏನು ಕೊಡುತ್ತೆ ಅನ್ನೋದನ್ನ ಮೊದಲು ಹೇಳ್ತೀನಿ. ಎಲ್ಲರೂ ಆರಾಮ ಅಂತಾರೆ. ಅದು ನಿಜ, ಆದ್ರೆ ದೊಡ್ಡ ಲಾಭ ಹಿಡಿತ. ಕಲ್ಲಿನ ಮೇಲೆ ಹೋಗುವಾಗ ಹಾರ್ಡ್‌ಟೇಲ್‌ನ ಹಿಂದಿನ ಚಕ್ರ ಪುಟಿಯುತ್ತೆ. ಪುಟಿದ ಚಕ್ರ ನೆಲ ಮುಟ್ಟಿರಲ್ಲ, ನೆಲ ಮುಟ್ಟದ ಚಕ್ರ ಬ್ರೇಕೂ ಹಿಡಿಯಲ್ಲ, ತಿರುವಿನಲ್ಲಿ ಕಚ್ಚಿಕೊಳ್ಳೋದೂ ಇಲ್ಲ. ಫುಲ್ ಸಸ್ಪೆನ್ಷನ್‌ನಲ್ಲಿ ಚಕ್ರ ಕಲ್ಲನ್ನ ಹತ್ತಿ ಇಳಿದು ನೆಲಕ್ಕೇ ಅಂಟಿಕೊಂಡು ಹೋಗುತ್ತೆ. ಬೇರು ತುಂಬಿದ ಏರಿನಲ್ಲೂ ಇದೇ ಲಾಭ. ಎರಡನೇದು ಆಯಾಸ. ಮೂರು ಗಂಟೆ ಒರಟು ದಾರಿಯಲ್ಲಿ ಹೋದ ಮೇಲೆ ಕೊನೇ ಇಳಿಜಾರಿನಲ್ಲಿ ಕಾಲು ಸೋತಿರುತ್ತೆ. ಬೀಳೋದು ಹೆಚ್ಚಾಗಿ ಆವಾಗಲೇ.

ಈಗ ಅದು ಏನು ಕೇಳುತ್ತೆ ನೋಡೋಣ. ಮೊದಲನೇದು ತೂಕ. ಒಂದೇ ದರ್ಜೆಯ ಎರಡು ಸೈಕಲ್ ಹಿಡಿದು ನೋಡಿದ್ರೆ ಸುಮಾರು ಎರಡು ಕಿಲೋ ವ್ಯತ್ಯಾಸ. ನನ್ನದು 13 ಕಿಲೋ, ಭಾವಂದು 15. ಎರಡನೇದು ತುಳಿತದಲ್ಲಿ ನಷ್ಟ. ಟಾರಿನ ಏರಿನಲ್ಲಿ ಜೋರಾಗಿ ತುಳಿದ್ರೆ ಸೈಕಲ್ ಕುಗ್ಗಿ ಏಳುತ್ತೆ, ನೀವು ಹಾಕಿದ ಶಕ್ತಿಯಲ್ಲಿ ಸ್ವಲ್ಪ ಅಲ್ಲೇ ಹೋಗುತ್ತೆ. ಒಳ್ಳೆ ಶಾಕ್‌ಗಳಲ್ಲಿ ಇದನ್ನ ತಡೆಯೋ ಲಾಕ್ ಲಿವರ್ ಇರುತ್ತೆ, ಆದ್ರೆ ಅದನ್ನ ಹಾಕೋದು ತೆಗೆಯೋದು ಇನ್ನೊಂದು ಕೆಲಸ.

ಮೂರನೇದು ಸರ್ವಿಸ್. ಕೊಳ್ಳೋವಾಗ ಯಾರೂ ಬಾಯಿ ಬಿಟ್ಟು ಹೇಳದೇ ಇರೋ ಖರ್ಚು ಇದು. ಮುಂದಿನ ಫೋರ್ಕ್‌ಗೆ ಸುಮಾರು 50 ಗಂಟೆ ರೈಡಿಗೊಮ್ಮೆ ಕೆಳಗಿನ ಕಾಲು ಬಿಚ್ಚಿ ಎಣ್ಣೆ ಬದಲಾಯಿಸಬೇಕು ಅಂತ ರಾಕ್‌ಶಾಕ್ಸ್ ಹೇಳುತ್ತೆ. ಇದು ಹಾರ್ಡ್‌ಟೇಲ್‌ಗೂ ಇದ್ದದ್ದೇ. ಹಿಂದಿನ ಶಾಕ್ ಇದ್ರೆ ಅದರ ಏರ್ ಕ್ಯಾನಿಗೂ ಅದೇ ಲೆಕ್ಕ. ಅದರ ಮೇಲೆ ಫ್ರೇಮಿನ ಕೀಲುಗಳಲ್ಲಿರೋ ಬೇರಿಂಗ್‌ಗಳು. ನಮ್ಮ ಕೆಂಪು ಧೂಳು, ಮಳೆಗಾಲದ ಕೆಸರು ಬೇರಿಂಗಿಗೆ ದೊಡ್ಡ ಶತ್ರು. ಬೆಂಗಳೂರಲ್ಲಿ ಹಿಂದಿನ ಶಾಕ್ ಬಿಚ್ಚಿ ಸರಿ ಮಾಡೋ ಕೈಗಳು ಕೆಲವೇ. ತಾಲ್ಲೂಕು ಊರಲ್ಲಿ ಸಿಕ್ಕೋದು ಇನ್ನೂ ಕಷ್ಟ.

ನಾಲ್ಕನೇದು, ಒಂದೇ ಬಜೆಟ್ಟಿನಲ್ಲಿ ಏನೇನು ಬಿಡಬೇಕಾಗುತ್ತೆ ಅನ್ನೋದು. ಹಿಂದಿನ ಶಾಕ್, ಕೀಲು, ಬೇರಿಂಗ್ ಎಲ್ಲಕ್ಕೂ ದುಡ್ಡು ಹೋಗೋದ್ರಿಂದ, ಅದೇ ಬೆಲೆಯ ಫುಲ್ ಸಸ್ಪೆನ್ಷನ್‌ನಲ್ಲಿ ಫೋರ್ಕ್, ಬ್ರೇಕ್, ಚಕ್ರ, ಗೇರ್ ಎಲ್ಲ ಒಂದು ಮೆಟ್ಟಿಲು ಕೆಳಗೆ ಇರುತ್ತೆ. ಇವತ್ತಿನ ಬೆಲೆಯಲ್ಲಿ ಅಂದಾಜು ಎಪ್ಪತ್ತು ಸಾವಿರದಿಂದ ಒಂದು ಲಕ್ಷದೊಳಗೆ ಗಾಳಿ ಫೋರ್ಕ್, ಹೈಡ್ರಾಲಿಕ್ ಬ್ರೇಕ್ ಇರೋ ಒಳ್ಳೆ ಹಾರ್ಡ್‌ಟೇಲ್ ಬರುತ್ತೆ. ನಂಬಿಕೊಂಡು ಇಳಿಜಾರಿಗೆ ಇಳಿಬಹುದಾದ ಫುಲ್ ಸಸ್ಪೆನ್ಷನ್‌ಗೆ ಎರಡು ಲಕ್ಷದ ಆಸುಪಾಸು ಬೇಕು. ಈ ನಡುವಿನ ಬೆಲೆಯಲ್ಲಿ ಸಿಗೋ ಫುಲ್ ಸಸ್ಪೆನ್ಷನ್‌ಗಿಂತ ಅದೇ ಬೆಲೆಯ ಹಾರ್ಡ್‌ಟೇಲ್ ನೂರಕ್ಕೆ ತೊಂಬತ್ತು ಸಲ ಒಳ್ಳೆ ಸೈಕಲ್ ಅಂತ ನನ್ನ ಅಭಿಪ್ರಾಯ.

ನನ್ನ ನಲವತ್ತು ರೈಡ್

ನನ್ನ ಹತ್ತಿರ ಬೋನಸ್ ದುಡ್ಡು ಒಂದೂಕಾಲು ಲಕ್ಷ ಇತ್ತು. ಇನ್ನೊಂದಷ್ಟು ಸೇರಿಸಿದ್ರೆ ಫುಲ್ ಸಸ್ಪೆನ್ಷನ್ ಆಗ್ತಿತ್ತು. ಆಫೀಸಿನ ಸೈಕಲ್ ಗುಂಪಿನಲ್ಲಿ "ಮಗಾ, ಒಂದೇ ಸಲ ತಗೋ, ಆಮೇಲೆ ಅಪ್‌ಗ್ರೇಡ್ ಅಂತ ಒದ್ದಾಡಬೇಡ" ಅನ್ನೋರೇ ಜಾಸ್ತಿ. ನಾನು ಯಾರ ಮಾತೂ ಕೇಳದೆ ಫೋನ್ ತೆಗೆದು, ಹಳೇ ಸೈಕಲ್‌ನಲ್ಲಿ ಹೋದ ಕೊನೆಯ 40 ರೈಡ್‌ಗಳನ್ನ ಒಂದು ಶೀಟಿಗೆ ಹಾಕಿದೆ.

ಬಂದಿದ್ದು ಹೀಗೆ. 21 ರೈಡ್ ಕನಕಪುರ ರಸ್ತೆಯ ಆಚೀಚೆ ಹಳ್ಳಿ ದಾರಿ, ಕೆರೆ ಏರಿ, ಅರ್ಧ ಟಾರು ಅರ್ಧ ಮಣ್ಣು. 12 ರೈಡ್ ತುರಹಳ್ಳಿ ಅಂಚಿನ ಕುರುಚಲು ಗಿಡಗಳ ನಡುವಿನ ಕಲ್ಲುದಾರಿ. 4 ರೈಡ್ ನಂದಿ ಬೆಟ್ಟ, ಅಂದ್ರೆ ಪೂರ್ತಿ ಟಾರು. 3 ರೈಡ್ ಮಾತ್ರ ಸಕಲೇಶಪುರದ ತೋಟದ ದಾರಿ. ಒಟ್ಟು ಸುಮಾರು 80 ಗಂಟೆ. ಇದರಲ್ಲಿ ಹಿಂದಿನ ಶಾಕ್ ನಿಜವಾಗಿ ಕೆಲಸ ಮಾಡ್ತಿದ್ದ ಹೊತ್ತು ಎಷ್ಟು ಅಂತ ಕೂಡಿಸಿದೆ. ತುರಹಳ್ಳಿಯ ಒರಟು ತುಂಡುಗಳು, ತೋಟದ ಇಳಿಜಾರುಗಳು, ಎಲ್ಲ ಸೇರಿ ಎಳೆದಾಡಿದ್ರೂ 10 ಗಂಟೆ.

ಹತ್ತು ಗಂಟೆ ಸುಖಕ್ಕೆ ಎಪ್ಪತ್ತು ಗಂಟೆ ಎರಡು ಕಿಲೋ ಹೊರಬೇಕು. ಬರೀ ಅಷ್ಟಕ್ಕೆ ಬೇಡ ಅಂತ ತೀರ್ಮಾನ ಮಾಡ್ತಿರಲಿಲ್ಲ. ನನ್ನ ಹತ್ತಿರ ದುಡ್ಡಿಗಿಂತ ಕಮ್ಮಿ ಇರೋದು ಟೈಮು. ವಾರಕ್ಕೆ ಎರಡು ಬೆಳಿಗ್ಗೆ ಸಿಕ್ಕಿದ್ರೆ ಪುಣ್ಯ. ಶಾಕ್ ಸರ್ವಿಸಿಗೆ ಕೊಟ್ಟು ಹದಿನೈದು ದಿನ ಕಾಯೋದು ಅಂದ್ರೆ ನಾಲ್ಕು ಬೆಳಿಗ್ಗೆ ಹೋಯ್ತು ಅಂತ ಅರ್ಥ. ಹೆಂಡತಿ ಶೀಟ್ ನೋಡಿ, "ನೀವು ಹೋಗೋ ಕಡೆಗೆ ಸೈಕಲ್ ತಗೊಳ್ರೀ, ಹೋಗ್ಬೇಕು ಅಂತಿರೋ ಕಡೆಗಲ್ಲ" ಅಂದಳು. ಇಡೀ ಶೀಟಿನ ಸಾರಾಂಶ ಅದೇ.

120 ಮಿಲಿಮೀಟರ್ ಫೋರ್ಕಿನ ಹಾರ್ಡ್‌ಟೇಲ್ ತಗೊಂಡೆ. ಉಳಿದ ದುಡ್ಡಲ್ಲಿ ಒಳ್ಳೆ ಹೆಲ್ಮೆಟ್, ಮೊಣಕಾಲಿನ ಪ್ಯಾಡ್, 2.4 ಇಂಚಿನ ಟ್ಯೂಬ್‌ಲೆಸ್ ಟೈರ್, ಮತ್ತೆ ಸೀಟನ್ನ ಬೆರಳ ತುದಿಯಿಂದ ಕೆಳಗಿಳಿಸೋ ಡ್ರಾಪರ್ ಪೋಸ್ಟ್. ಆಮೇಲೂ ಸ್ವಲ್ಪ ಉಳಿಯಿತು.

ಭಾವನ ಇಳಿಜಾರು

ಇದೇ ಲೆಕ್ಕವನ್ನ ಭಾವನಿಗೆ ಹಾಕಿದ್ರೆ ಉತ್ತರ ತಲೆಕೆಳಗಾಗುತ್ತೆ.

ಭಾವನಿಗೆ ಈಗ 43. ನಲವತ್ತೈದು ಎಕರೆ ತೋಟ, ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ, ಒಂದು ಮಟ್ಟಸ ಜಾಗ ಅಂತಿಲ್ಲ. ಕೆಲವು ವರ್ಷದ ಹಿಂದೆ ಬೆನ್ನಿನ ಡಿಸ್ಕ್ ತೊಂದರೆಯಾಗಿ ಎರಡು ತಿಂಗಳು ಮಲಗಿದ್ರು. ಎದ್ದ ಮೇಲೆ ತೋಟ ಸುತ್ತೋದು ಜೀಪಿಗೆ ಬಂತು. ಬೆಳಿಗ್ಗೆ ಜೀಪಲ್ಲಿ ಒಂದು ಸುತ್ತು, ರೈಟರ್ ಹೇಳಿದ್ದು ಕೇಳೋದು, ವಾಪಸ್. ಪೂರ್ತಿ ನಡೆದ್ರೆ ಸಂಜೆಗೆ ಬೆನ್ನು ಹಿಡಿಯುತ್ತೆ.

"ಜೀಪ್ ದಾರಿಯಿಂದ ಗಿಡದ ಬುಡ ಕಾಣಲ್ಲ ಮಾರಾಯ. ಬೋರರ್ ಹೊಡೆದ ಗಿಡ ದೂರದಿಂದ ನೋಡಿದ್ರೆ ಚೆನ್ನಾಗೇ ಇರುತ್ತೆ. ಹತ್ತಿರ ಹೋಗಿ ಕಾಂಡ ಮುಟ್ಟಿ ನೋಡ್ಬೇಕು" ಅಂತ ಒಂದಿನ ಊಟಕ್ಕೆ ಕೂತಾಗ ಹೇಳಿದ್ರು. ಕಾಫಿ ತಿಳಿದವರಿಗೆ ಗೊತ್ತು, ಬಿಳಿ ಕಾಂಡಕೊರಕ ಹತ್ತಿದ ಅರೇಬಿಕಾ ಗಿಡವನ್ನ ಬೇಗ ಗುರುತಿಸಿ ಕಿತ್ತು ಸುಡದಿದ್ರೆ ಪಕ್ಕದ ಗಿಡಗಳಿಗೂ ಹೋಗುತ್ತೆ. ಎರಡು ವರ್ಷದಲ್ಲಿ ಅವರ ಮೇಲಿನ ತಾಕಿನಲ್ಲಿ ಗಿಡಗಳು ಸಾಲುಸಾಲಾಗಿ ಹೋಗಿದ್ವು.

ವೈದ್ಯರನ್ನ ಕೇಳಿದ್ರು. ಸೈಕಲ್ ತುಳಿಬಹುದು, ಬೆನ್ನಿಗೆ ಹೊಡೆತ ಬೀಳಬಾರದು ಅಂದ್ರಂತೆ. ಅಲ್ಲಿಂದ ನನಗೆ ಫೋನ್ ಬಂತು.

ನಾನು ನನ್ನ ಹಾರ್ಡ್‌ಟೇಲ್ ಮತ್ತು ಗೆಳೆಯನ ಫುಲ್ ಸಸ್ಪೆನ್ಷನ್ ಎರಡನ್ನೂ ಕಾರಿನ ಹಿಂದೆ ಕಟ್ಟಿಕೊಂಡು ಹೋದೆ. ಎರಡಕ್ಕೂ ಒಂದೇ ಅಗಲದ ಟೈರ್, ಒಂದೇ ಗಾಳಿ, ಒಂದೇ ಅಳತೆಯ ಫ್ರೇಮ್. ಒಂದೇ ದಾರಿ: ಮನೆ ಮುಂದಿನ ಕಾಫಿ ಕಣದಿಂದ ಕೆಳಗಿನ ಹಳ್ಳದವರೆಗೆ, ಒಂದೂವರೆ ಕಿಲೋಮೀಟರ್. ಮಳೆ ಕೊರೆದ ಕೊರಕಲು, ಕಾಲು ಗಾತ್ರದ ಬೇರುಗಳು, ಒದ್ದೆ ಸಿಲ್ವರ್ ಓಕ್ ಎಲೆ, ಅದರಡಿಯಲ್ಲಿ ಎಲ್ಲಿದೆ ಅಂತ ಕಾಣದ ಕಲ್ಲು. ಒಂದು ಶನಿವಾರ ಹಾರ್ಡ್‌ಟೇಲ್, ಮುಂದಿನ ಶನಿವಾರ ಫುಲ್ ಸಸ್ಪೆನ್ಷನ್. ಬೆನ್ನು ಏನು ಹೇಳುತ್ತೆ ಅಂತ ಮಾರನೇ ದಿನ ನೋಡೋದು.

ಹಾರ್ಡ್‌ಟೇಲ್‌ನಲ್ಲಿ ಇಳಿಯೋಕೆ ಪೆಡಲ್ ಮೇಲೆ ನಿಂತು, ಮೊಣಕಾಲು ಮಡಿಸಿ, ಸೊಂಟ ಹಿಂದಕ್ಕೆ ಹಾಕಬೇಕು. ಕಾಲೇ ಶಾಕ್. ಆರೋಗ್ಯವಾಗಿರೋ ಮೂವತ್ತರ ಬೆನ್ನಿಗೆ ಅದು ವ್ಯಾಯಾಮ. ಭಾವ ಎರಡು ಕಡೆ ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡ್ರು. ರಾತ್ರಿ ಊಟಕ್ಕೆ ಕುರ್ಚಿಗೆ ದಿಂಬು ಇಟ್ಟುಕೊಂಡು ಕೂತ್ರು. ಅಕ್ಕ ನನ್ನ ಮುಖ ನೋಡಿದ ರೀತಿ ಬರೆಯೋದು ಬೇಡ.

ಮುಂದಿನ ಶನಿವಾರ ಫುಲ್ ಸಸ್ಪೆನ್ಷನ್. ನಿಧಾನಕ್ಕೇ ಇಳಿದ್ರು, ಅವರಿಗೆ ವೇಗ ಬೇಕಾಗೂ ಇರಲಿಲ್ಲ. ನಡುವೆ ಎಲ್ಲೂ ಕಾಣಲಿಲ್ಲ ಅಂತ ನಾನು ಹಿಂದಿನಿಂದ ಹುಡುಕಿಕೊಂಡು ಹೋದ್ರೆ, ಸೈಕಲ್ಲನ್ನ ಒಂದು ಮರಕ್ಕೆ ಒರಗಿಸಿ ಮೇಲಿನ ತಾಕಿನೊಳಗೆ ಕೂತು ಗಿಡದ ಬುಡ ಕೆರೀತಿದ್ರು. ಅರ್ಧ ಗಂಟೆಯಲ್ಲಿ ಹನ್ನೊಂದು ಗಿಡಕ್ಕೆ ಬಟ್ಟೆ ಕಟ್ಟಿ ಗುರುತು ಮಾಡಿದ್ರು. ಮಾರನೇ ದಿನ ಬೆಳಿಗ್ಗೆ ಏಳಕ್ಕೆ, ನಾನು ಏಳೋ ಮುಂಚೆ, ಮತ್ತೆ ಸೈಕಲ್ ತಗೊಂಡು ಹೋಗಿದ್ರು.

ಎರಡು ಲಕ್ಷ ಅಂದಾಗ ಅಕ್ಕ, "ಅಷ್ಟು ಕೊಟ್ರೆ ಬುಲೆಟ್ಟೇ ಬರುತ್ತಲ್ರೀ!" ಅಂದಳು. ಭಾವ ತಲೆ ಎತ್ತದೆ, "ಬುಲೆಟ್ ಮೇಲೆ ಕೂತ್ರೆ ಮತ್ತೆ ಬುಡ ಕಾಣಲ್ಲ" ಅಂದ್ರು. ಅಕ್ಕ ಸುಮ್ಮನಾದಳು. ಆಮೇಲೆ ಅವಳೇ ಬ್ಯಾಂಕಿಗೆ ಹೋಗಿ ಬಂದಳು.

ಭಾವ ವಾರಕ್ಕೆ ಐದು ದಿನ, ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ತುಳೀತಾರೆ, ಅಷ್ಟೂ ಒರಟು ದಾರಿಯಲ್ಲೇ. ನನ್ನ 80ರಲ್ಲಿ 10 ಗಂಟೆ ಅವರ ಪಾಲಿಗೆ 80ರಲ್ಲಿ 80. ಆನೆ ಬಂದಿದೆ ಅಂತ ಮೆಸೇಜ್ ಬಂದ ದಿನ ಮಾತ್ರ ಮನೆಯಲ್ಲೇ.

ಸರ್ವಿಸ್ ಪ್ರಶ್ನೆ ಅವರಿಗೆ ನನಗಿಂತ ದೊಡ್ಡದು, ಬೆಂಗಳೂರು ಇನ್ನೂರು ಕಿಲೋಮೀಟರ್ ಮೇಲೆ. ಅದಕ್ಕೆ ಏರ್ ಕ್ಯಾನ್ ಸರ್ವಿಸ್ ನಾವಿಬ್ಬರೂ ಕೂತು ಕಲಿತ್ವಿ. ಮೊದಲು ಗಾಳಿ ಪೂರ್ತಿ ಬಿಡಬೇಕು, ಇದನ್ನ ಮಾತ್ರ ಯಾವತ್ತೂ ಮರೆಯೋ ಹಾಗಿಲ್ಲ. ಒಳಗೆ ಗಾಳಿ ಇದ್ದಾಗ ಕ್ಯಾನ್ ತಿರುಗಿಸಿದ್ರೆ ಅದು ಗುಂಡಿನ ಹಾಗೆ ಹಾರುತ್ತೆ. ಆಮೇಲೆ ಕ್ಯಾನ್ ಬಿಚ್ಚಿ, ಹಳೇ ಗ್ರೀಸ್ ಒರೆಸಿ, ಸೀಲ್ ಬದಲಾಯಿಸಿ, ಹೊಸ ಗ್ರೀಸ್ ಹಚ್ಚಿ ಮುಚ್ಚೋದು. ಸ್ಪ್ರೇಯರ್ ಪಂಪು, ಡೀಸೆಲ್ ಮೋಟಾರು ಬಿಚ್ಚಿ ಅಭ್ಯಾಸ ಇರೋ ಕೈ ಅವರದು, ಎರಡನೇ ಸಲಕ್ಕೆ ನನ್ನನ್ನ ಕೇಳಲಿಲ್ಲ. ಒಳಗಿನ ಡ್ಯಾಂಪರ್ ಮಾತ್ರ ವರ್ಷಕ್ಕೊಮ್ಮೆ ಬೆಂಗಳೂರಿಗೆ ಬರುತ್ತೆ, ಮಳೆಗಾಲದಲ್ಲಿ, ಅವರು ಹೇಗೂ ಸೈಕಲ್ ತುಳಿಯದ ತಿಂಗಳಲ್ಲಿ.

ಅಂಗಡಿಗೆ ಹೋದಾಗ

ಯಾವುದೇ ತಗೊಳ್ಳಿ, ಫ್ರೇಮಿನ ಅಳತೆ ನಿಮ್ಮ ಎತ್ತರಕ್ಕೆ ಸರಿಯಾಗಿರಲಿ. ಅಳತೆ ತಪ್ಪಿದ ಸೈಕಲ್‌ನಲ್ಲಿ ಎಷ್ಟು ಒಳ್ಳೆ ಶಾಕ್ ಇದ್ರೂ ಕುತ್ತಿಗೆ, ಮಣಿಕಟ್ಟು ನೋಯುತ್ತೆ. ಆಫರ್ ಇದೆ ಅಂತ ಒಂದು ಸೈಜ್ ದೊಡ್ಡದು ತಗೊಳ್ಳೋಕೆ ಒಪ್ಪಬೇಡಿ.

ಹಾರ್ಡ್‌ಟೇಲ್ ಆದ್ರೆ ಫೋರ್ಕ್ ಗಾಳಿಯದ್ದಾ, ಸ್ಪ್ರಿಂಗಿನದ್ದಾ ಕೇಳಿ. ಗಾಳಿಯದ್ದಾದ್ರೆ ನಿಮ್ಮ ತೂಕಕ್ಕೆ ಹೊಂದಿಸಬಹುದು. ಟೈರ್ ಎಷ್ಟು ಅಗಲದವರೆಗೆ ಹಿಡಿಯುತ್ತೆ ಕೇಳಿ, 2.3 ಅಥವಾ 2.4 ಇಂಚು ಸಿಕ್ಕಿದ್ರೆ ಒಳ್ಳೇದು. ಯಾಕಂದ್ರೆ ಹಾರ್ಡ್‌ಟೇಲ್‌ನಲ್ಲಿ ಹಿಂದಿನ ಸಸ್ಪೆನ್ಷನ್ ಅಂದ್ರೆ ಟೈರೇ. 70 ಕಿಲೋ ತೂಕದವರು ಟ್ಯೂಬ್‌ಲೆಸ್‌ನಲ್ಲಿ 22ರಿಂದ 26 ಪಿಎಸ್‌ಐ ಒಳಗೆ ಇಟ್ಟು ನೋಡಿ. ಅಂಗಡಿಯಲ್ಲಿ 40 ಹೊಡೆದು ಕೊಟ್ಟ ಸೈಕಲ್‌ಗೂ ಇದಕ್ಕೂ ಆಗೋ ವ್ಯತ್ಯಾಸ ಕಲ್ಲುದಾರಿಯಲ್ಲಿ ಮೊದಲ ನೂರು ಮೀಟರಿಗೇ ಗೊತ್ತಾಗುತ್ತೆ.

ಫುಲ್ ಸಸ್ಪೆನ್ಷನ್ ಆದ್ರೆ ಸ್ಯಾಗ್ ಹೊಂದಿಸಿಕೊಳ್ಳದೆ ಅಂಗಡಿಯಿಂದ ಹೊರಡಬೇಡಿ. ನೀವು ಕೂತಾಗ ಶಾಕ್ ಎಷ್ಟು ಕುಗ್ಗುತ್ತೆ ಅನ್ನೋದೇ ಸ್ಯಾಗ್. ಶಾಕ್ ಮೇಲೆ ಒಂದು ರಬ್ಬರ್ ಉಂಗುರ ಇರುತ್ತೆ. ಅದನ್ನ ಕೆಳಕ್ಕೆ ತಳ್ಳಿ, ಬ್ಯಾಗ್ ಸಮೇತ ಮೆಲ್ಲಗೆ ಕೂತು, ಪುಟಿಯದೆ ಇಳಿದು, ಉಂಗುರ ಎಷ್ಟು ಸರಿದಿದೆ ಅಳೆಯಿರಿ. ಟ್ರೇಲ್ ಬೈಕಿಗೆ ಶೇಕಡಾ 25ರಿಂದ 30 ಇರಬೇಕು. ಶಾಕ್‌ನ ಸ್ಟ್ರೋಕ್ 50 ಮಿಲಿಮೀಟರ್ ಆಗಿದ್ರೆ ಉಂಗುರ ಹನ್ನೆರಡೂವರೆಯಿಂದ ಹದಿನೈದು ಮಿಲಿಮೀಟರ್ ಸರಿದಿರಬೇಕು. ಜಾಸ್ತಿ ಕುಗ್ಗಿದ್ರೆ ಗಾಳಿ ಹಾಕಿ, ಕಮ್ಮಿಯಿದ್ರೆ ಬಿಡಿ. ಇದಕ್ಕೆ ಶಾಕ್ ಪಂಪೇ ಬೇಕು, ಟೈರಿನ ಪಂಪ್ ಆಗಲ್ಲ. ಸ್ಯಾಗ್ ಸರಿಯಿಲ್ಲದ ಎರಡು ಲಕ್ಷದ ಸೈಕಲ್ಲು ಹಾರ್ಡ್‌ಟೇಲ್‌ಗಿಂತ ಕಡೆ.

ಸೆಕೆಂಡ್ ಹ್ಯಾಂಡ್ ಫುಲ್ ಸಸ್ಪೆನ್ಷನ್ ನೋಡ್ತಿದ್ರೆ ಸೀಟ್ ಹಿಡಿದು ಹಿಂದಿನ ಚಕ್ರ ಸ್ವಲ್ಪ ಎತ್ತಿ ಬಿಡಿ. ಕೈಗೆ "ಟಕ್" ಅಂತ ಆಟ ಸಿಕ್ಕಿದ್ರೆ ಬೇರಿಂಗ್ ಅಥವಾ ಬುಶ್ ಹೋಗಿದೆ. ಆ ಖರ್ಚನ್ನ ಬೆಲೆಯಲ್ಲಿ ಕಳೆದು ಮಾತಾಡಿ. ಅಂಗಡಿಯವರಿಗೆ ಇನ್ನೊಂದು ಪ್ರಶ್ನೆ: "ಈ ಶಾಕ್ ಸೋರಿದ್ರೆ ಎಲ್ಲಿಗೆ ಕಳಿಸ್ತೀರಿ, ಎಷ್ಟು ದಿನ?" ಊರಿನ ಹೆಸರು, ದಿನದ ಲೆಕ್ಕ ಬಂದ್ರೆ ಸರಿ. "ಅದೆಲ್ಲ ಏನೂ ಆಗಲ್ಲ ಸಾರ್" ಅಂದ್ರೆ ಇನ್ನೊಂದು ಅಂಗಡಿ ನೋಡಿ.

ಹತ್ತು ರೈಡಿನ ಲೆಕ್ಕ

ನಲವತ್ತು ಬೇಡ, ನಿಮ್ಮ ಕೊನೆಯ ಹತ್ತು ರೈಡ್ ಸಾಕು. ಸೈಕಲ್ಲೇ ಇಲ್ಲದಿದ್ರೆ ಯಾರದ್ದಾದ್ರೂ ಸಾಲ ತಗೊಂಡು ಅಥವಾ ಬಾಡಿಗೆಗೆ ತಗೊಂಡು ಒಂದು ತಿಂಗಳು ತುಳಿದು ಆಮೇಲೆ ಬರೆಯಿರಿ. ಪ್ರತಿ ರೈಡಿನ ಮುಂದೆ ಎಷ್ಟು ಗಂಟೆ, ಅದರಲ್ಲಿ ಸೀಟಿನ ಮೇಲೆ ಕೂರೋಕೆ ಆಗದಷ್ಟು ಒರಟು ದಾರಿ ಎಷ್ಟು ಹೊತ್ತು ಅಂತ ಹಾಕಿ. ಮೂರರಲ್ಲಿ ಒಂದು ಪಾಲು ದಾಟಿದ್ರೆ ಫುಲ್ ಸಸ್ಪೆನ್ಷನ್‌ಗೆ ದುಡ್ಡು ಕೂಡಿಡೋದ್ರಲ್ಲಿ ಅರ್ಥ ಇದೆ. ಅದಕ್ಕಿಂತ ಕಮ್ಮಿ ಇದ್ರೆ ಹಾರ್ಡ್‌ಟೇಲ್ ತಗೊಂಡು ಉಳಿದ ದುಡ್ಡಲ್ಲಿ ಟೈರು, ಹೆಲ್ಮೆಟ್ಟು, ಊರಿಗೆ ಹೋಗಿಬರೋ ಪೆಟ್ರೋಲು. ಬೆನ್ನು, ಸೊಂಟ, ಮಣಿಕಟ್ಟಿನ ಹಳೇ ತೊಂದರೆ ಇದ್ದವರು ಮಾತ್ರ ಈ ಲೆಕ್ಕ ಬದಿಗಿಟ್ಟು ಮೊದಲು ವೈದ್ಯರನ್ನ ಕೇಳಿ, ಆಮೇಲೆ ಎರಡನ್ನೂ ತುಳಿದು, ಮಾರನೇ ದಿನ ದೇಹ ಏನು ಹೇಳುತ್ತೆ ನೋಡಿ ತೀರ್ಮಾನಿಸಿ.

ಕಾಡಿನಂಚಿನಲ್ಲಿ ತುಳಿಯೋರಿಗೆ ಒಂದು ಮಾತು: ಸೈಕಲ್‌ಗೆ ಎಲ್ಲಿ ಪ್ರವೇಶ ಇದೆ, ಎಲ್ಲಿ ಇಲ್ಲ ಅಂತ ಅರಣ್ಯ ಇಲಾಖೆಯ ಗೇಟಿನಲ್ಲಿ ಕೇಳಿಕೊಂಡೇ ಹೋಗಿ.

ಮುಂದಿನ ಕಂತಿನಲ್ಲಿ ಬ್ರೇಕ್ ಪ್ಯಾಡ್. ಮಳೆಗಾಲದಲ್ಲಿ ರೆಸಿನ್ ಒಳ್ಳೇದಾ, ಮೆಟಲ್ ಒಳ್ಳೇದಾ ಅಂತ ಭಾವನ ಇಳಿಜಾರಿನಲ್ಲೇ ನೋಡಿಕೊಂಡು ಬರ್ತೀನಿ.